ಎದೆಯ ಮೇಲಿನ ವಿಳಾಸ

1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಗುಂಡೇಟು ತಿಂದರು. ಒಂದು ಗುಂಡು ಬೆನ್ನಿನೊಳಗೆ ಹೊಕ್ಕು ಅಲ್ಲೇ ಉಳಿಯಿತು. ಎಕ್ಸ್‌-ರೇ ಬರುವುದಕ್ಕೆ ಇನ್ನೂ 14 ವರ್ಷ ಇತ್ತು. ವೈದ್ಯರು ತೊಳೆಯದ ಬೆರಳು ತೂರಿಸಿ, ಸಲಾಕೆ ಆಡಿಸಿ ಹುಡುಕಿದರು, ಸಿಗಲಿಲ್ಲ. ಆಗ ನೆರವಿಗೆ ಬಂದವರು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್. ತಂತಿಯ ಸುರುಳಿಗಳಲ್ಲಿ ವಿದ್ಯುತ್ ಹರಿಸಿ, ಹತ್ತಿರದಲ್ಲಿ ಲೋಹವಿದ್ದರೆ ಕಿವಿಗೆ ಸದ್ದು ಕೇಳಿಸುವ ಉಪಕರಣವೊಂದನ್ನು ಅವರು ತರಾತುರಿಯಲ್ಲಿ ಕಟ್ಟಿ ಶ್ವೇತಭವನಕ್ಕೆ ಹೊತ್ತು ತಂದರು. ಪ್ರಯೋಗಶಾಲೆಯಲ್ಲಿ ಚೆನ್ನಾಗಿ ಕೆಲಸ ಮಾಡಿದ ಯಂತ್ರ ಅಧ್ಯಕ್ಷರ ಹಾಸಿಗೆಯ ಬಳಿ ಗೊಂದಲಕ್ಕೆ ಬಿತ್ತು. ಹಾಸಿಗೆಯ ಕೆಳಗೆ ಉಕ್ಕಿನ ತಂತಿಗಳಿದ್ದವು ಎಂಬುದು ತಡವಾಗಿ ಗೊತ್ತಾಯಿತು. ಅದಕ್ಕಿಂತ ದೊಡ್ಡ ತೊಡಕು ಮುಖ್ಯ ವೈದ್ಯರ ಹಟ. ಗುಂಡು ಬಲಗಡೆಯೇ ಇದೆ ಎಂದು ನಂಬಿದ್ದ ಅವರು ಬೆಲ್‌ಗೆ ಹುಡುಕಲು ಬಿಟ್ಟದ್ದೂ ಬಲಗಡೆಯನ್ನೇ. ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ತೀರಿಕೊಂಡರು. ಶವಪರೀಕ್ಷೆ ಮಾಡಿದಾಗ ಗುಂಡು ಎಡಗಡೆ ಸಿಕ್ಕಿತು.

ಇಂದು ಅಮೆರಿಕದ ಹೊಲ, ತೋಪು, ಹಳೆಯ ಜಾತ್ರೆ ಮೈದಾನಗಳಲ್ಲಿ ಹವ್ಯಾಸಿಗಳು ಬೀಸಿಕೊಂಡು ಹೋಗುವ ಮೆಟಲ್ ಡಿಟೆಕ್ಟರ್ ಆ ಯಂತ್ರದ ಮರಿಮಗ. ಅದಕ್ಕೆ ಸಿಗುವ ವಸ್ತುಗಳಲ್ಲಿ ಒಂದು ಜಾತಿಯವು ಗಾರ್ಫೀಲ್ಡ್ ಅವರಿಗೂ ಚಿರಪರಿಚಿತವಾಗಿದ್ದವು. ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದಲ್ಲಿ ಜನರಲ್ ಆಗಿದ್ದ ಅವರು ಉತ್ತರದ ಮಾಜಿ ಸೈನಿಕರ ಸಂಘವಾದ ‘ಗ್ರ್ಯಾಂಡ್ ಆರ್ಮಿ ಆಫ್ ದಿ ರಿಪಬ್ಲಿಕ್’ನ ಸದಸ್ಯರೂ ಹೌದು. ಆ ಸಂಘದ ಸಮಾವೇಶಗಳಿಗೆ ಹೋದವರು ಎದೆಗೆ ಚುಚ್ಚಿಕೊಳ್ಳುತ್ತಿದ್ದ ಲೋಹದ ಬಿಲ್ಲೆಗಳೇ ಈ ಅಧ್ಯಾಯದ ವಿಷಯ.

ಸಂಘ ಹುಟ್ಟಿದ್ದು 1866ರ ಏಪ್ರಿಲ್ 6ರಂದು, ಇಲಿನಾಯ್ ರಾಜ್ಯದ ಡಿಕೇಟರ್ ಎಂಬ ಊರಿನಲ್ಲಿ. ಕಟ್ಟಿದವರು ಬೆಂಜಮಿನ್ ಸ್ಟೀಫನ್ಸನ್ ಎಂಬ ಸೇನಾ ವೈದ್ಯ. ಮೊದಲ ಹುರುಪು ಬೇಗ ಇಳಿಯಿತು. ಯುದ್ಧ ಮುಗಿಸಿ ಬಂದ ಹುಡುಗರಿಗೆ ಮದುವೆ, ಜಮೀನು, ಹೊಟ್ಟೆಪಾಡಿನ ಚಿಂತೆಯಿತ್ತು. ನಲವತ್ತು ದಾಟಿದ ಮೇಲೆ ಹಳೆಯ ಗೆಳೆಯರು ನೆನಪಾದರು. 1880ರ ದಶಕದಲ್ಲಿ ಸಂಘ ಮತ್ತೆ ಚಿಗುರಿ 1890ರಲ್ಲಿ ಸದಸ್ಯರ ಸಂಖ್ಯೆ 4,09,489 ಮುಟ್ಟಿತು. ವರ್ಷಕ್ಕೊಂದು ರಾಷ್ಟ್ರೀಯ ಸಮಾವೇಶ, ಪ್ರತಿ ಸಲವೂ ಬೇರೆ ಊರು: 1886ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, 1889ರಲ್ಲಿ ಮಿಲ್ವಾಕಿ, 1890ರಲ್ಲಿ ಬಾಸ್ಟನ್, 1895ರಲ್ಲಿ ಲೂಯಿವಿಲ್. ಇದಲ್ಲದೆ ರಾಜ್ಯದ ಸಮಾವೇಶಗಳು, ರೆಜಿಮೆಂಟಿನ ಸಮಾಗಮಗಳು, ಊರಾಚೆಯ ತೋಪಿನಲ್ಲಿ ಹೆಂಡತಿ ಮಕ್ಕಳೊಂದಿಗೆ ಬುತ್ತಿ ಬಿಚ್ಚುವ ಕೂಟಗಳು. ಎಲ್ಲದಕ್ಕೂ ಒಂದೊಂದು ಬಿಲ್ಲೆ.

ಯಾಕೆ ಬೇಕಿತ್ತು ಬಿಲ್ಲೆ? ನೆನಪಿನ ಕಾಣಿಕೆ ಎಂಬ ಉತ್ತರ ಸುಲಭದ್ದು, ಆದರೆ ಸಾಲದು. ಇಪ್ಪತ್ತರ ವಯಸ್ಸಿನಲ್ಲಿ ಒಂದೇ ಡೇರೆಯಲ್ಲಿ ಮಲಗಿದವರು ಐವತ್ತರಲ್ಲಿ ಎದುರಾದರೆ ಗುರುತು ಹತ್ತುವುದಿಲ್ಲ. ಗಡ್ಡ ನೆರೆತಿದೆ, ಹೊಟ್ಟೆ ಬಂದಿದೆ, ಒಂದು ಕೈ ಇಲ್ಲ. 1913ರಲ್ಲಿ ಗೆಟ್ಟಿಸ್‌ಬರ್ಗ್ ಕದನದ ಐವತ್ತನೇ ವರ್ಷಕ್ಕೆ ಸೇರಿದ ಮುದುಕರ ಲೆಕ್ಕ 53,407. ಅಂಥ ಜಂಗುಳಿಯಲ್ಲಿ ತನ್ನ ಕಂಪನಿಯವನನ್ನು ಹುಡುಕುವುದು ಹೇಗೆ? ಎದೆಯ ಮೇಲೆ ರಾಜ್ಯ, ರೆಜಿಮೆಂಟು, ಕಂಪನಿ, ಊರಿನಲ್ಲಿರುವ ಸಂಘದ ಘಟಕದ ಸಂಖ್ಯೆ ಬರೆದುಕೊಂಡು ಓಡಾಡಬೇಕು. ಮಾರು ದೂರದಲ್ಲಿ ನಿಂತ ಅಪರಿಚಿತ ಓದಬೇಕು ಎಂದೇ ಮಾಡಿದ ವಸ್ತು ಇದು. ಮಣ್ಣಿನಡಿ ನೂರು ವರ್ಷ ಕಳೆದ ಮೇಲೂ ಅದನ್ನು ಓದಲು ಸಾಧ್ಯವಾಗುವುದಿದ್ದರೆ ಅದಕ್ಕೆ ಕಾರಣ ಈ ಉದ್ದೇಶವೇ.

ಆದರೆ ಓದುವ ಮೊದಲು ಸಿಗಬೇಕಲ್ಲ. ಡಿಟೆಕ್ಟರಿನ ತಟ್ಟೆಯಲ್ಲಿರುವ ಸುರುಳಿಯಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತಿರುತ್ತದೆ. ಅದರ ಕಾಂತಕ್ಷೇತ್ರ ನೆಲದೊಳಗಿನ ಲೋಹವನ್ನು ತಟ್ಟಿದಾಗ ಲೋಹದಲ್ಲಿ ಪುಟ್ಟ ಸುಳಿಪ್ರವಾಹಗಳು ಏಳುತ್ತವೆ. ಆ ಸುಳಿಗಳು ತಮ್ಮದೇ ಕ್ಷೀಣ ಕಾಂತಕ್ಷೇತ್ರವನ್ನು ವಾಪಸು ಕಳಿಸುತ್ತವೆ, ಆದರೆ ತುಸು ತಡವಾಗಿ. ಎಷ್ಟು ತಡ ಎಂಬುದರಲ್ಲೇ ಗುಟ್ಟಿದೆ. ದಪ್ಪ ಬೆಳ್ಳಿ, ತಾಮ್ರಗಳಲ್ಲಿ ಸುಳಿ ಬಹಳ ಹೊತ್ತು ನಿಲ್ಲುತ್ತದೆ; ತೆಳು ಹಿತ್ತಾಳೆ, ಸೀಸ, ತವರಗಳಲ್ಲಿ ಬೇಗ ಅಡಗುತ್ತದೆ. ಕಬ್ಬಿಣ ತಾನೇ ಕಾಂತಗೊಳ್ಳುವುದರಿಂದ ಅದರ ಉತ್ತರದ ಧಾಟಿಯೇ ಬೇರೆ. ಯಂತ್ರ ಈ ವ್ಯತ್ಯಾಸವನ್ನು ಒಂದು ಅಂಕಿಯಾಗಿ ತೋರಿಸುತ್ತದೆ. ಆ ಅಂಕಿ ಲೋಹದ ಹೆಸರಲ್ಲ. ಲೋಹ, ದಪ್ಪ, ಗಾತ್ರ, ಆಕಾರ ಎಲ್ಲ ಕಲಸಿದ ಮೊತ್ತ. ಹಾಗಾಗಿಯೇ ತೆಳುವಾದ ಸಮಾಗಮದ ಬಿಲ್ಲೆಯೂ ತಂಪುಪಾನೀಯದ ಡಬ್ಬಿಯಿಂದ ಕಿತ್ತೆಸೆದ ಅಲ್ಯೂಮಿನಿಯಂ ಉಂಗುರವೂ ಹೆಚ್ಚುಕಡಿಮೆ ಒಂದೇ ಅಂಕಿ ಕೊಡುತ್ತವೆ. ಉಂಗುರ ಅಗೆದು ಅಗೆದು ಬೇಸತ್ತವನು ಆ ಅಂಕಿ ಬಂದಾಗ ಮುಂದೆ ನಡೆದುಬಿಡುತ್ತಾನೆ, ಬಿಲ್ಲೆ ಅಲ್ಲೇ ಉಳಿಯುತ್ತದೆ.

ಇನ್ನೊಂದು ಪಕ್ಷಪಾತ ಇದಕ್ಕಿಂತ ಗಂಭೀರ. ಮೊಳೆಗಳ ಕಾಟ ತಪ್ಪಿಸಿಕೊಳ್ಳಲು ಬಹಳ ಮಂದಿ ಕಬ್ಬಿಣದ ಸದ್ದನ್ನು ಯಂತ್ರದಲ್ಲೇ ಅಡಗಿಸುತ್ತಾರೆ. ಆದರೆ 1896ರ ನಂತರದ ಅಗ್ಗದ ಬಿಲ್ಲೆಗಳ ದೊಡ್ಡ ಪಾಲು ಸೆಲ್ಯುಲಾಯ್ಡ್ ಗುಂಡಿಗಳು: ಹಿಂದೆ ತವರ ಲೇಪಿಸಿದ ಕಬ್ಬಿಣದ ತಗಡು, ಮುಂದೆ ಅಚ್ಚು ಹಾಕಿದ ಕಾಗದ, ಅದರ ಮೇಲೆ ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆ. ತಗಡು ತುಕ್ಕಾಗಿ, ಕಾಗದ ಕೊಳೆತು, ಸೆಲ್ಯುಲಾಯ್ಡ್ ತಾನೇ ಆಮ್ಲ ಬಿಡುತ್ತಾ ಪುಡಿಯಾಗಿ, ಕೊನೆಗೆ ಉಳಿಯುವ ತುಕ್ಕಿನ ಬಿಲ್ಲೆ ಯಾವ ಹುಡುಕಾಟಗಾರನ ಕಣ್ಣಿಗೂ ಬೀಳುವುದಿಲ್ಲ. ಬರೀ ರೇಷ್ಮೆ ಪಟ್ಟಿಯ ಬಿಲ್ಲೆಗಳದ್ದಂತೂ ಸುಳಿವೇ ಇಲ್ಲ. ನೆಲ ನಮಗೆ ಕೊಡುವುದು ಕಂಚು, ಹಿತ್ತಾಳೆ, ತವರದಂಥವನ್ನು ಮಾತ್ರ. ಸಿಕ್ಕಿದ್ದನ್ನು ನೋಡಿ ‘ಆಗ ಹೀಗಿದ್ದವು’ ಎಂದು ತೀರ್ಮಾನಿಸುವವರು ಇದನ್ನು ನೆನಪಿಡಬೇಕು.

ಈಗ ಬಿಲ್ಲೆ ಕೈಗೆ ಬಂದಿದೆ ಎಂದಿಟ್ಟುಕೊಳ್ಳೋಣ. ಹಸಿರು ಕಿಲುಬು ಹಿಡಿದ ಐದು ಮೂಲೆಯ ನಕ್ಷತ್ರ. ನಮ್ಮ ಮನೆಗಳಲ್ಲಾದರೆ ತಾಮ್ರದ ಚೊಂಬಿಗೆ ಮಾಡುವಂತೆ ಹುಣಸೆಹಣ್ಣು ಹಚ್ಚಿ ಉಜ್ಜಿಬಿಡುತ್ತಿದ್ದೆವು. ಅಲ್ಲಿನವರು ವಿನಿಗರ್ ಅಥವಾ ತಂತಿಬ್ರಷ್ ಹಿಡಿಯುತ್ತಾರೆ. ಯಾವುದೂ ಸಲ್ಲದು. ಚೊಂಬಿನಲ್ಲಿ ಕಿಲುಬು ಮೇಲಿದ್ದು ಲೋಹ ಕೆಳಗಿರುತ್ತದೆ. ನೂರು ವರ್ಷ ಹೂತಿದ್ದ ಬಿಲ್ಲೆಯಲ್ಲಿ ಮೂಲ ಮೇಲ್ಮೈಯೇ ಕಿಲುಬಾಗಿ ಮಾರ್ಪಟ್ಟಿರುತ್ತದೆ. ಅಕ್ಷರಗಳು ಉಳಿದಿರುವುದು ಆ ಹಸಿರು ಪದರದಲ್ಲಿ. ಆಮ್ಲ ಅದನ್ನು ಕರಗಿಸಿದರೆ ಕೆಳಗೆ ಸಿಗುವುದು ಹೊಳೆಯುವ, ಆದರೆ ಏನೂ ಬರೆಯದ ಲೋಹ. ಚಿನ್ನದ ಲೇಪವಿದ್ದರಂತೂ ಅದು ಕಿಲುಬಿನ ಜೊತೆಗೇ ಎದ್ದು ಹೋಗುತ್ತದೆ.

ಬರೀ ನೀರಿನಲ್ಲಿ ತೊಳೆಯಲು ನಲ್ಲಿ ತಿರುಗಿಸುವ ಮೊದಲೂ ಒಮ್ಮೆ ಭೂತಗನ್ನಡಿ ಹಿಡಿದು ನೋಡಬೇಕು, ವಿಶೇಷವಾಗಿ ರಿಬ್ಬನ್ ಸಿಕ್ಕಿಸುವ ಮೇಲಿನ ಪಟ್ಟಿಯ ಹಿಂಬದಿಯನ್ನು. ತಾಮ್ರದ ಲವಣಗಳು ಸೂಕ್ಷ್ಮಾಣುಗಳಿಗೆ ವಿಷ. ಅದರಿಂದಾಗಿ ಲೋಹಕ್ಕೆ ಅಂಟಿಕೊಂಡಿದ್ದ ಬಟ್ಟೆಯ ಚೂರು ಕೆಲವೊಮ್ಮೆ ಕೊಳೆಯದೆ ಉಳಿಯುತ್ತದೆ. ನಾಲ್ಕೆಳೆ ರೇಷ್ಮೆ ಉಳಿದರೂ ಲಾಭವೇ. ಗ್ರ್ಯಾಂಡ್ ಆರ್ಮಿಯ ನಕ್ಷತ್ರ ನೇತಾಡುತ್ತಿದ್ದದ್ದು ರಾಷ್ಟ್ರಧ್ವಜದ ವಿನ್ಯಾಸದ ರಿಬ್ಬನ್ನಿನಿಂದ. ಪದಾಧಿಕಾರಿಗಳ ರಿಬ್ಬನ್ನಿಗೆ ಬಣ್ಣದ ಅಂಚು ಇರುತ್ತಿತ್ತು. ನೀಲಿಯಾದರೆ ಊರಿನ ಘಟಕ, ಕೆಂಪಾದರೆ ರಾಜ್ಯಮಟ್ಟ, ಮಾಸಲು ಹಳದಿಯಾದರೆ ರಾಷ್ಟ್ರಮಟ್ಟ. ಧರಿಸಿದವನ ಸ್ಥಾನಮಾನ ಹೇಳುವ ಭಾಗವನ್ನೇ ಮಣ್ಣು ಮೊದಲು ತಿನ್ನುತ್ತದೆ. ಆ ಕಾಲದ ರೇಷ್ಮೆಗೆ ತೂಕ ಬರಲೆಂದು ತವರದ ಲವಣ ಕುಡಿಸುವ ಪದ್ಧತಿಯೂ ಇತ್ತು. ಅಂಥದ್ದು ಪೆಟ್ಟಿಗೆಯಲ್ಲಿಟ್ಟರೂ ಸೀಳಿಹೋಗುತ್ತದೆ, ಮಣ್ಣಿನ ಮಾತು ಬೇರೆ.

ಮುಂಭಾಗ ನೋಡಿದ ತಕ್ಷಣ ಹೆಚ್ಚಿನವರು ಎಡವುವ ಜಾಗವೊಂದಿದೆ. ನಕ್ಷತ್ರದ ನಡುವೆ ಸ್ವಾತಂತ್ರ್ಯದೇವಿ, ಅವಳ ಮುಂದೆ ಕೈಕುಲುಕುತ್ತಿರುವ ಸೈನಿಕ ಮತ್ತು ನಾವಿಕ, ಬಿಡುಗಡೆಯಾದ ಗುಲಾಮರ ಇಬ್ಬರು ಮಕ್ಕಳು, ಸುತ್ತಲೂ ಸಂಘದ ಹೆಸರು, ಜೊತೆಗೆ 1861 ಮತ್ತು 1866. ‘ಯುದ್ಧಕಾಲದ ಪದಕ ಸಿಕ್ಕಿತು!’ ಎಂದು ಹಿಗ್ಗುವುದು ಸಹಜ. ಆ ವರ್ಷಗಳು ಸ್ಮರಿಸುವ ವರ್ಷಗಳು, ತಯಾರಾದ ವರ್ಷವಲ್ಲ. ಯುದ್ಧ ಶುರುವಾದದ್ದು 1861ರಲ್ಲಿ. ಅಧಿಕೃತವಾಗಿ ಕೊನೆಗೊಂಡದ್ದು, ಸಂಘ ಹುಟ್ಟಿದ್ದು ಎರಡೂ 1866ರಲ್ಲಿ. ಬಿಲ್ಲೆ 1890ರದ್ದೂ ಇರಬಹುದು, 1910ರದ್ದೂ ಇರಬಹುದು. ಇನ್ನು ಕೆಲವರು ಇದನ್ನು ಅಮೆರಿಕದ ಅತ್ಯುನ್ನತ ಶೌರ್ಯಪದಕವಾದ ‘ಮೆಡಲ್ ಆಫ್ ಆನರ್’ ಎಂದೇ ತಿಳಿದು ಬೆವರುತ್ತಾರೆ. ತಪ್ಪು ಅವರದ್ದಲ್ಲ. ನಕ್ಷತ್ರ, ಹದ್ದು, ಅಡ್ಡಲಾಗಿಟ್ಟ ಫಿರಂಗಿಗಳು, ಧ್ವಜದ ರಿಬ್ಬನ್ನು ಎಲ್ಲವೂ ಎಷ್ಟು ಹೋಲುತ್ತಿದ್ದವೆಂದರೆ, ಸೇನೆ 1896ರಲ್ಲಿ ಶೌರ್ಯಪದಕದ ರಿಬ್ಬನ್ನನ್ನೇ ಬದಲಿಸಿತು, 1904ರಲ್ಲಿ ವಿನ್ಯಾಸವನ್ನೂ ಬದಲಿಸಿತು. ನಕಲಿಗೆ ಹೆದರಿ ಅಸಲಿಯೇ ವೇಷ ಬದಲಿಸಿಕೊಂಡ ಅಪರೂಪದ ಪ್ರಸಂಗ.

ಬಿಲ್ಲೆ ತಿರುಗಿಸಿದರೆ ಅನುಮಾನ ಕಳೆಯುತ್ತದೆ. ಶೌರ್ಯಪದಕದ ಬೆನ್ನು ಬೋಳು. ಪಡೆದವನ ಹೆಸರು ಕೆತ್ತಲು ಬಿಟ್ಟ ಜಾಗ ಅದು. ಗ್ರ್ಯಾಂಡ್ ಆರ್ಮಿಯ ಬಿಲ್ಲೆಯ ಬೆನ್ನಲ್ಲಿ ನಡುವೆ ರಾಷ್ಟ್ರದ ಗುರಾಣಿ, ಸುತ್ತ ಕೋರ್ ಎಂಬ ದೊಡ್ಡ ಸೇನಾ ವಿಭಾಗಗಳ ಪುಟ್ಟ ಲಾಂಛನಗಳು. ಬೆನ್ನನ್ನು ಮೊದಲು ಓದಬೇಕೆಂಬುದು ನನ್ನ ಹಟ. ಮುಂಭಾಗವನ್ನು ಮಾಡಿಸಿದ್ದು ಸಂಭ್ರಮಕ್ಕೆ, ಬೆನ್ನಿನಲ್ಲಿರುವುದು ಕಾರ್ಖಾನೆಯವನ ವ್ಯವಹಾರ. ನ್ಯೂಜೆರ್ಸಿಯ ನ್ಯೂವಾರ್ಕ್‌ನಲ್ಲಿದ್ದ ವೈಟ್‌ಹೆಡ್ ಅಂಡ್ ಹೋಗ್ ಕಂಪನಿ ಇಂಥ ಬಿಲ್ಲೆಗಳನ್ನು ರಾಶಿ ರಾಶಿ ತಯಾರಿಸಿತು. ಅದರ ಗುಂಡಿಗಳ ಬೆನ್ನಲ್ಲಿ 1896ರ ಜುಲೈ 21ರ ಪೇಟೆಂಟ್ ದಿನಾಂಕ ಕಾಣುವುದುಂಟು. ಇದೂ ತಯಾರಾದ ದಿನವಲ್ಲ, ‘ಇದಕ್ಕಿಂತ ಹಿಂದಿನದಲ್ಲ’ ಎಂಬ ಖಾತರಿ ಮಾತ್ರ. ಪಿನ್ನಿನ ಕೊಕ್ಕೆ ಇನ್ನೊಂದು ಸುಳಿವು. ಬರೀ ಬಾಗಿಸಿದ ಕೊಕ್ಕೆ ಹಳೆಯ ಕ್ರಮ. ತಿರುಗಿಸಿ ಭದ್ರಪಡಿಸುವ ಬೀಗ 20ನೇ ಶತಮಾನದ್ದು. ಬಹುಶಃ ಆ ಬೀಗ ಇರಲಿಲ್ಲವೆಂದೇ ಬಿಲ್ಲೆ ಕಳಚಿ ಹುಲ್ಲಿಗೆ ಬಿತ್ತು.

ಲೋಹವನ್ನು ಕೇಳುವುದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಅಕ್ಕಸಾಲಿಗರ ತಕ್ಕಡಿ, ಒಂದು ಲೋಟ ನೀರು ಸಾಕು. ಆರ್ಕಿಮಿಡೀಸನ ಹಳೆಯ ಉಪಾಯ. ಬಿಲ್ಲೆ ಗಾಳಿಯಲ್ಲಿ 20 ಗ್ರಾಂ ತೂಗುತ್ತದೆ, ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿದಾಗ 2.3 ಗ್ರಾಂ ಕಡಿಮೆ ತೂಗುತ್ತದೆ ಎನ್ನಿ. ಸಾಂದ್ರತೆ 8.7, ಅಂದರೆ ಕಂಚು ಅಥವಾ ಹಿತ್ತಾಳೆ. 2.7 ಗ್ರಾಂ ಕಡಿಮೆಯಾದರೆ 7.4, ತವರದ ಮಿಶ್ರಲೋಹ. 7.4 ಗ್ರಾಂ ಕಡಿಮೆಯಾದರೆ 2.7, ಅಲ್ಯೂಮಿನಿಯಂ. ಕೊನೆಯದು ಸಿಕ್ಕರೆ ಕಾಲವನ್ನೂ ಹೇಳಬಹುದು. 1884ರಲ್ಲಿ ವಾಷಿಂಗ್ಟನ್ ಸ್ಮಾರಕದ ತುದಿಗೆ ಪುಟ್ಟ ಅಲ್ಯೂಮಿನಿಯಂ ಕಳಶ ಇಟ್ಟಾಗ ಅದೊಂದು ಅಪರೂಪದ ಲೋಹ. 1886ರಲ್ಲಿ ವಿದ್ಯುತ್ತಿನಿಂದ ಅದನ್ನು ಬೇರ್ಪಡಿಸುವ ವಿಧಾನ ಬಂತು, ಬೆಲೆ ಬಿತ್ತು, 1890ರ ದಶಕದ ಹೊತ್ತಿಗೆ ಅದು ಜಾತ್ರೆಯಲ್ಲಿ ಮಾರುವ ಬಿಲ್ಲೆಗಳ ಲೋಹವಾಗಿತ್ತು.

ಕಂಚೋ ಹಿತ್ತಾಳೆಯೋ ಎಂಬ ಪ್ರಶ್ನೆಗೆ ತಕ್ಕಡಿ ಉತ್ತರ ಕೊಡದು. ಗ್ರ್ಯಾಂಡ್ ಆರ್ಮಿಯ ಸದಸ್ಯರ ಬಿಲ್ಲೆಗಳಿಗೆ ಇದು ದೊಡ್ಡ ಪ್ರಶ್ನೆ. ಯುದ್ಧದಲ್ಲಿ ವಶಪಡಿಸಿಕೊಂಡ ಫಿರಂಗಿಗಳ ಕಂಚನ್ನು ಕರಗಿಸಿ ಆ ನಕ್ಷತ್ರಗಳನ್ನು ಮಾಡುತ್ತಿದ್ದರು ಎಂಬುದು ಸಂಘದ ಹೆಮ್ಮೆಯಾಗಿತ್ತು. ಫಿರಂಗಿ ಕಂಚು ಎಂದರೆ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲು ತಾಮ್ರ, ಒಂದು ಪಾಲು ತವರ. ಹಿತ್ತಾಳೆಯಲ್ಲಿ ತವರದ ಬದಲು ಸತು. ಕೈಯಲ್ಲಿ ಹಿಡಿಯುವ ಎಕ್ಸ್‌-ರೇ ಉಪಕರಣ ಅರೆ ನಿಮಿಷದಲ್ಲಿ ಇವುಗಳನ್ನು ಬೇರ್ಪಡಿಸಿ ಹೇಳುತ್ತದೆ. ಆದರೆ ಅದಕ್ಕೆ ಕಾಣುವುದು ಚರ್ಮ ಮಾತ್ರ, ಮಾಂಸ ಕಾಣದು. ಮಣ್ಣಿನ ತೇವ ಹಿತ್ತಾಳೆಯ ಮೇಲ್ಪದರದಿಂದ ಸತುವನ್ನು ಮೊದಲು ತೊಳೆದೊಯ್ಯುತ್ತದೆ. ಹಾಗೆ ಸತು ಕಳೆದುಕೊಂಡ ಹಿತ್ತಾಳೆ ಉಪಕರಣಕ್ಕೆ ಬರೀ ತಾಮ್ರದಂತೆ ಕಾಣುತ್ತದೆ. ಅಂಚಿನಲ್ಲೆಲ್ಲಾದರೂ ಹೊಸದಾಗಿ ಆದ ಮುರಿತವಿದ್ದರೆ ಅಲ್ಲಿ ಪರೀಕ್ಷಿಸುವುದು ಜಾಣತನ.

ಇನ್ನು ಆಕಾರಗಳು. ಗೆಟ್ಟಿಸ್‌ಬರ್ಗ್ ಸುತ್ತಮುತ್ತಲ ಖಾಸಗಿ ಹೊಲದಲ್ಲಿ ಕಳಾವರ್ ಆಕಾರದ ಪುಟ್ಟ ತಗಡು ಸಿಕ್ಕರೆ ಇಸ್ಪೀಟಿನ ನೆನಪಾಗುವುದು ಸಹಜ. ಅದು ಉತ್ತರದ ಸೇನೆಯ ಎರಡನೇ ಕೋರಿನ ಲಾಂಛನ. ಡೈಮನ್ ಮೂರನೆಯದ್ದು, ಆಟೀನು ಇಪ್ಪತ್ನಾಲ್ಕನೆಯದ್ದು. ಅರ್ಧಚಂದ್ರ ಕಂಡರೆ ಧರ್ಮಕ್ಕೆ ಸಂಬಂಧಿಸಿದ್ದೇನೋ ಅನ್ನಿಸಬಹುದು. ಅದು ಹನ್ನೊಂದನೇ ಕೋರು. ಯಾವ ಸೈನಿಕ ಯಾವ ತುಕಡಿಯವನೆಂದು ದೂರದಿಂದಲೇ ತಿಳಿಯಲೆಂದು 1863ರಲ್ಲಿ ಜನರಲ್ ಡೇನಿಯಲ್ ಬಟರ್‌ಫೀಲ್ಡ್ ಈ ವ್ಯವಸ್ಥೆ ತಂದರು. ಕೋರಿನೊಳಗಿನ ಮೊದಲ ಡಿವಿಷನ್ನಿಗೆ ಕೆಂಪು, ಎರಡಕ್ಕೆ ಬಿಳಿ, ಮೂರಕ್ಕೆ ನೀಲಿ. ಯುದ್ಧದಲ್ಲಿ ಟೋಪಿಯ ಮೇಲಿನ ಬಟ್ಟೆಯ ತುಂಡಾಗಿದ್ದ ಗುರುತು ಮೂವತ್ತು ವರ್ಷದ ನಂತರ ಎದೆಯ ಮೇಲಿನ ಎನಾಮಲ್ ಆಯಿತು. ಬಣ್ಣದ ಒಂದು ಚುಕ್ಕೆ ಉಳಿದಿದ್ದರೂ ಡಿವಿಷನ್ ತಿಳಿಯಿತು.

ಹದಿನೈದನೇ ಕೋರಿನದು ಮಜವಾದ ಲಾಂಛನ: ತೋಟಾ ತುಂಬುವ ಚರ್ಮದ ಪೆಟ್ಟಿಗೆ, ಅದರ ಮೇಲೆ ‘40 ಸುತ್ತು’ ಎಂಬ ಬರಹ. ಪೂರ್ವದ ಸೇನೆಯವನೊಬ್ಬ ಪಶ್ಚಿಮದ ಸೇನೆಗೆ ಸೇರಿದ ಈ ಕೋರಿನವನೊಬ್ಬನನ್ನು ‘ನಿನ್ನ ಲಾಂಛನ ಎಲ್ಲಿ?’ ಎಂದು ಕೇಳಿದನಂತೆ. ಆತ ತೋಟಾ ಪೆಟ್ಟಿಗೆ ತಟ್ಟಿ ‘ನಲವತ್ತು ಸುತ್ತು’ ಎಂದನಂತೆ. ಕೋರಿನ ದಂಡನಾಯಕ ಜನರಲ್ ಲೋಗನ್‌ಗೆ ಮಾತು ಹಿಡಿಸಿತು, ಅದೇ ಲಾಂಛನವಾಯಿತು. ಕಥೆಗೆ ಒಗ್ಗರಣೆ ಬಿದ್ದಿರಬಹುದು, ಲಾಂಛನವಂತೂ ಖರೆ.

ದಕ್ಷಿಣದವರಿಗೂ ತಮ್ಮದೇ ಸಂಘವಿತ್ತು, 1889ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಸ್ಥಾಪನೆಯಾದದ್ದು. ಅವರ ಬಿಲ್ಲೆಗಳ ಪೈಕಿ ಗುರುತಿಸಲು ಅನುಕೂಲವಾದದ್ದು ಮಹಿಳಾ ಸಂಘಟನೆಯೊಂದು 1900ರಿಂದ ಕೊಡತೊಡಗಿದ ‘ಸದರ್ನ್ ಕ್ರಾಸ್ ಆಫ್ ಆನರ್’. ಅದರ ಮೇಲಿನ ಪಟ್ಟಿಯಲ್ಲಿ ಪಡೆದವನ ಹೆಸರು ಕೆತ್ತಿಸಿರುವುದುಂಟು.

ಉತ್ತರದ ಬಿಲ್ಲೆಗಳಲ್ಲಿ ಹೆಸರು ಅಪರೂಪ. ಅಲ್ಲಿ ಸಿಗುವುದು ಘಟಕದ ಸಂಖ್ಯೆ, ಊರು, ರೆಜಿಮೆಂಟು, ವರ್ಷ. ಜೊತೆಗೆ ಒಂದು ಎಚ್ಚರ: ಎದೆಗೆ ಬಿಲ್ಲೆ ಚುಚ್ಚಿಕೊಂಡವರೆಲ್ಲ ಬಂದೂಕು ಹಿಡಿದವರಲ್ಲ. ಹೆಂಡತಿಯರ ಸಂಘ, ಮಕ್ಕಳ ಸಂಘ, ಸ್ವಾಗತ ಸಮಿತಿ, ಬ್ಯಾಂಡಿನವರು, ಎಲ್ಲರಿಗೂ ಪ್ರತ್ಯೇಕ ಬಿಲ್ಲೆಗಳಿದ್ದವು. ಅಕ್ಷರ ಮಸುಕಾಗಿದ್ದರೆ ಕೋಣೆ ಕತ್ತಲಾಗಿಸಿ ಟಾರ್ಚನ್ನು ಬಿಲ್ಲೆಯ ಮಟ್ಟದಲ್ಲೇ ಹಿಡಿದು ಸುತ್ತ ತಿರುಗಿಸುತ್ತಾ ಹಲವು ಫೋಟೋ ತೆಗೆಯಬೇಕು. ಉತ್ತರದಿಂದ ಬಿದ್ದ ಬೆಳಕಿನಲ್ಲಿ ಕಾಣದ ಗೆರೆ ಪೂರ್ವದ ಬೆಳಕಿನಲ್ಲಿ ನೆರಳು ಚೆಲ್ಲುತ್ತದೆ. ಪ್ರಾಚ್ಯವಸ್ತು ಪ್ರಯೋಗಾಲಯಗಳಲ್ಲಿ ಇದನ್ನೇ ಕಂಪ್ಯೂಟರಿನ ನೆರವಿನಿಂದ ಮಾಡುತ್ತಾರೆ.

ಕಾನೂನಿನ ಮಾತು ಎರಡೇ ಸಾಲು. ಗೆಟ್ಟಿಸ್‌ಬರ್ಗ್ ಸೇರಿದಂತೆ ರಾಷ್ಟ್ರೀಯ ಉದ್ಯಾನಗಳಲ್ಲಿ ಡಿಟೆಕ್ಟರ್ ಬಳಸುವಂತಿಲ್ಲ, ಖಾಸಗಿ ನೆಲಕ್ಕೆ ಮಾಲೀಕರ ಒಪ್ಪಿಗೆ ಬೇಕು. ಇದನ್ನು ಓದಿ ಹುಮ್ಮಸ್ಸಿನಿಂದ ನಮ್ಮೂರ ಕೋಟೆಯತ್ತ ಹೊರಡುವವರು ಭಾರತದ 1878ರ ನಿಧಿ ಕಾಯ್ದೆ ಈಗಲೂ ಜಾರಿಯಲ್ಲಿದೆ ಎಂಬುದನ್ನು ಮರೆಯಬಾರದು; ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೂ ಅಧಿಕಾರಿಗಳಿಗೆ ತಿಳಿಸಬೇಕು.

ರೆಜಿಮೆಂಟು, ಊರು, ಘಟಕ ಗೊತ್ತಾದ ಮೇಲೆ ಹುಡುಕಾಟ ನೆಲ ಬಿಟ್ಟು ಕಾಗದಕ್ಕೆ ಬರುತ್ತದೆ. ಬಿಲ್ಲೆಗೂ ಕಾಗದಕ್ಕೂ ನಂಟು ಹಳೆಯದು. ಯುದ್ಧದಲ್ಲಿ ಆದ ಗಾಯ, ಕಾಯಿಲೆಗೆ ಪಿಂಚಣಿ ಬೇಕೆಂದರೆ ಅದು ಸೇವೆಯಲ್ಲಿದ್ದಾಗಲೇ ಆದದ್ದೆಂದು ಸಾಕ್ಷಿ ಬೇಕಿತ್ತು. ಮೇಲಧಿಕಾರಿ ಸಿಗದಿದ್ದರೆ ಇಬ್ಬರು ಸಹಸೈನಿಕರ ಪ್ರಮಾಣಪತ್ರ. ಇಪ್ಪತ್ತೈದು ವರ್ಷದ ಹಿಂದೆ ಚದುರಿಹೋದ ಆ ಇಬ್ಬರನ್ನು ಎಲ್ಲಿ ಹುಡುಕುವುದು? ಸಮಾಗಮದಲ್ಲಿ. ‘ನ್ಯಾಷನಲ್ ಟ್ರಿಬ್ಯೂನ್’ ಎಂಬ ಮಾಜಿ ಸೈನಿಕರ ಪತ್ರಿಕೆಯ ಒಡೆಯ ಜಾರ್ಜ್ ಲೆಮನ್ ಸ್ವತಃ ಪಿಂಚಣಿ ಅರ್ಜಿಗಳ ಏಜೆಂಟರಾಗಿದ್ದರು ಎಂದರೆ ಈ ವ್ಯವಹಾರದ ಗಾತ್ರ ತಿಳಿಯುತ್ತದೆ. 1890ರ ಕಾನೂನು ಪಿಂಚಣಿಯ ಬಾಗಿಲನ್ನು ಇನ್ನಷ್ಟು ತೆರೆಯಿತು. 1893ರಲ್ಲಿ ಒಕ್ಕೂಟ ಸರ್ಕಾರದ ಆದಾಯದ ಶೇ 40ಕ್ಕೂ ಹೆಚ್ಚು ಭಾಗ ಪಿಂಚಣಿಗೇ ಹೋಯಿತು. ಎದೆಯ ಮೇಲೆ ರೆಜಿಮೆಂಟು, ಕಂಪನಿ ದೊಡ್ಡದಾಗಿ ಬರೆದುಕೊಂಡು ಗುಂಪಿನಲ್ಲಿ ಓಡಾಡಿದವನಿಗೆ ಅಪ್ಪುಗೆಯಷ್ಟೇ ಆ ಸಹಿಯೂ ಬೇಕಿತ್ತು.

ಆ ಅರ್ಜಿಗಳ ಕಡತಗಳು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಸೈನಿಕನ ಹೆಸರು, ರೆಜಿಮೆಂಟು ತಿಳಿಸಿ ಪ್ರತಿ ತರಿಸಿಕೊಳ್ಳಬಹುದು. ಹೆಸರು ಗೊತ್ತಿಲ್ಲದಿದ್ದರೆ ಬಿಲ್ಲೆ ಸಿಕ್ಕ ಊರಿನ ಘಟಕದ ಸದಸ್ಯರ ಪಟ್ಟಿಯನ್ನು ರೆಜಿಮೆಂಟಿನ ಹಾಜರಿ ಪಟ್ಟಿಯ ಪಕ್ಕದಲ್ಲಿಟ್ಟು ಎರಡರಲ್ಲೂ ಇರುವವರನ್ನು ಗುರುತು ಹಾಕಬೇಕು. ಸಣ್ಣ ಊರಾದರೆ ನಾಲ್ಕೈದು ಹೆಸರು ಉಳಿಯುತ್ತವೆ. ಒಬ್ಬನ ಕಡತ ತರಿಸಿದರೆ ಉಳಿದವರ ಸಹಿಯೂ ಅದರಲ್ಲೇ, ಸಾಕ್ಷಿದಾರರ ಸಾಲಿನಲ್ಲಿ, ಸಿಗುವ ಸಂಭವ ಕಡಿಮೆಯೇನಲ್ಲ.